ರೂಟ್ ತುಂಬಿತು, ಹೋಮ್ ಖಾಲಿ: ಬದು ಸರಿಸುವುದೇ, ಬಾಗಿಲು ತಿರುಗಿಸುವುದೇ?

ಮುದ್ರಣಾಲಯದಿಂದ ಫೋನ್ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಬಿಲ್ ಮುದ್ರಿಸಲು ಕೊಟ್ಟರೆ ಪ್ರಿಂಟರ್ ಮಿಸುಕುತ್ತಿಲ್ಲ, ಲೆಕ್ಕದ ತಂತ್ರಾಂಶ ಹೊಸ ನಮೂದು ತೆಗೆದುಕೊಳ್ಳುತ್ತಿಲ್ಲ. ಲಿನಕ್ಸ್ ಯಂತ್ರ. ಹೋಗಿ, ಡಿಸ್ಕಿನ ಯಾವ ಪಾಲು ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ ಆದೇಶ ಕೊಟ್ಟು ನೋಡಿದೆ. ರೂಟ್ ಪಾರ್ಟಿಷನ್, ಅಂದರೆ ವ್ಯವಸ್ಥೆಯ ಫೈಲುಗಳಿರುವ ಪಾಲು, ನೂರಕ್ಕೆ ನೂರು ತುಂಬಿತ್ತು.

"ಐನೂರು ಜಿಬಿ ಡಿಸ್ಕ್ ತಂದುಕೊಟ್ಟಿದ್ದೆನಲ್ಲ ಸರ್, ಎರಡೇ ವರ್ಷಕ್ಕೆ ತುಂಬಿತೇ?" ಎಂದರು ಮಾಲೀಕರು.

ಡಿಸ್ಕ್ ತುಂಬಿರಲಿಲ್ಲ. ಡೆಬಿಯನ್ ಲಿನಕ್ಸ್ ಹಾಕುವಾಗ ಯಾರೋ ಪುಣ್ಯಾತ್ಮರು ರೂಟ್‌ಗೆ 30 ಜಿಬಿ, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಕೆಯಾಗುವ ಪಾಲು) 8 ಜಿಬಿ ಕೊಟ್ಟು, ಉಳಿದ 427 ಜಿಬಿಯನ್ನು ಬಳಕೆದಾರರ ಫೈಲುಗಳಿರುವ ಹೋಮ್‌ಗೆ ಬಿಟ್ಟಿದ್ದರು. ಆ ಪುಣ್ಯಾತ್ಮ ನಾನೇ. ಹೋಮ್‌ನಲ್ಲಿ ಇನ್ನೂ 240 ಜಿಬಿಯಷ್ಟು ಜಾಗ ಬಿದ್ದಿತ್ತು. ಊರೆಲ್ಲಾ ನೆಂಟರು, ಉಣ್ಣಲು ಅನ್ನವಿಲ್ಲ ಎಂಬಂಥ ಸ್ಥಿತಿ.

ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ. ಪಾರ್ಟಿಷನ್‌ಗಳ ಗಡಿ ಸರಿಸುವುದೊಂದೇ ಮದ್ದು ಎಂದುಕೊಂಡು ರಾತ್ರಿ ಪೆನ್‌ಡ್ರೈವ್‌ನಿಂದ ಜಿಪಾರ್ಟೆಡ್ ಎಂಬ ಗಡಿ ಬದಲಿಸುವ ತಂತ್ರಾಂಶ ತೆರೆದು ಕೂರುತ್ತಾರೆ. ನನ್ನ ಸಲಹೆ ಬೇರೆ. ಗಡಿ ಸರಿಸುವುದು ಕೊನೆಯ ಮಾತಾಗಲಿ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಜಾಗ ಮತ್ತು ದಾರಿ ಎರಡೂ ಬೇರೆ ಬೇರೆ. ಡಿಸ್ಕಿನ ಯಾವ ಮೂಲೆಯ ತುಂಡನ್ನಾದರೂ ಡೈರೆಕ್ಟರಿ ಮರದ ಯಾವ ಕೊಂಬೆಗಾದರೂ ನೇತುಹಾಕಬಹುದು. ಹೀಗೆ ನೇತುಹಾಕುವುದಕ್ಕೇ ಮೌಂಟ್ ಎನ್ನುತ್ತಾರೆ. ಹೊಲದ ಬದು ಕಿತ್ತು ಪಕ್ಕಕ್ಕೆ ಹಾಕುವುದಕ್ಕಿಂತ, ಆಚೆ ಇರುವ ಖಾಲಿ ತುಂಡಿಗೆ ಮನೆಯಿಂದ ಬಾಗಿಲು ತೆರೆಯುವುದು ಸುಲಭ.

ಮೊದಲು ಲೆಕ್ಕ

ಎಷ್ಟು ತುಂಬಿದೆ ಎಂದು ಹೇಳುವುದು ಡಿಎಫ್, ತುಂಬಿದವರು ಯಾರು ಎಂದು ಹೇಳುವುದು ಡಿಯು. ಡಿಯುಗೆ ಎಕ್ಸ್ ಎಂಬ ಆಯ್ಕೆ ಕೊಡಲು ಮರೆಯಬೇಡಿ. ಕೊಟ್ಟರೆ ಅದು ಬೇರೆ ಪಾರ್ಟಿಷನ್‌ಗಳಿಗೆ ದಾಟದೆ ರೂಟ್‌ನೊಳಗೆ ಮಾತ್ರ ಎಣಿಸುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಅಳಿಸಿದ ಫೈಲನ್ನು ಯಾವುದೋ ಸೇವೆ ಇನ್ನೂ ತೆರೆದಿಟ್ಟುಕೊಂಡಿರಬಹುದು. ಆ ಸೇವೆಯನ್ನು ಮರುಪ್ರಾರಂಭಿಸಿದರೆ ಜಾಗ ಬಿಡುಗಡೆಯಾಗುತ್ತದೆ. ಇಲ್ಲವೇ ಮೌಂಟ್ ಪಾಯಿಂಟ್‌ನ ಕೆಳಗೆ ಹಳೆಯ ಫೈಲುಗಳು ಹೂತುಹೋಗಿರಬಹುದು. ಖಾಲಿಯಲ್ಲದ ಡೈರೆಕ್ಟರಿಯ ಮೇಲೆ ಪಾರ್ಟಿಷನ್ ಮೌಂಟ್ ಮಾಡಿದರೆ ಒಳಗಿದ್ದದ್ದು ಅಳಿಯುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ. ಜಾಗವನ್ನು ಮಾತ್ರ ತಿನ್ನುತ್ತಲೇ ಇರುತ್ತದೆ. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ರೂಟ್‌ನೊಳಗೇ ಸುರಿದುಹೋದ ಫೈಲುಗಳು ಹೀಗೆ ತಿಂಗಳುಗಟ್ಟಲೆ ಅಡಗಿ ಕೂರುತ್ತವೆ. ರೂಟನ್ನು /ಎಂಎನ್‌ಟಿ ಮೇಲೆ ಬೈಂಡ್ ಮೌಂಟ್ (ಇರುವ ಡೈರೆಕ್ಟರಿಯನ್ನೇ ಇನ್ನೊಂದು ಹೆಸರಿನಲ್ಲೂ ಕಾಣಿಸುವುದು) ಮಾಡಿ ಅಲ್ಲಿಂದ ಇಣುಕಿದರೆ ಅಡಗಿದ್ದೆಲ್ಲ ಕಾಣುತ್ತದೆ.

ಪ್ಯಾಕೇಜ್‌ಗಳ ಹಳೆಯ ಸಂಗ್ರಹ ಅಳಿಸುವುದು, ಸೇವೆಗಳನ್ನು ನಡೆಸುವ ಸಿಸ್ಟಂಡಿಯ ದಾಖಲೆಯಾದ ಜರ್ನಲನ್ನು 200 ಎಂಬಿಗೆ ಇಳಿಸುವುದು, ಬಳಸದ ಕರ್ನಲ್‌ಗಳನ್ನು ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳು, ಮಾಡಿಬಿಡಿ. ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿಯೂ ಇದೆ. ಎಕ್ಸ್ಟ್4 ಫೈಲ್ ವ್ಯವಸ್ಥೆ (ಪಾರ್ಟಿಷನ್‌ನೊಳಗೆ ಫೈಲುಗಳನ್ನು ಜೋಡಿಸಿಡುವ ವಿಧಾನ) ಮೂಲತಃ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು (ಯಂತ್ರದ ಮೇಲ್ವಿಚಾರಕ, ರೂಟ್ ಪಾರ್ಟಿಷನ್ ಅಲ್ಲ) ಕಾದಿರಿಸುತ್ತದೆ. ರೂಟ್ ಪಾರ್ಟಿಷನ್‌ನಲ್ಲಿ ಅದು ಇರಲಿ, ಆಪತ್ತಿಗೆ ಆಗುತ್ತದೆ. 427 ಜಿಬಿಯ ಹೋಮ್‌ನಲ್ಲಿ 21 ಜಿಬಿ ಸುಮ್ಮನೆ ಕಟ್ಟಿಡುವುದಕ್ಕೆ ಅರ್ಥವಿಲ್ಲ. ಟ್ಯೂನ್2ಎಫ್ಎಸ್ ಆದೇಶದಿಂದ ಶೇ 1ಕ್ಕೆ ಇಳಿಸಿದರೆ ಒಂದೇ ಕ್ಷಣದಲ್ಲಿ ಹದಿನೇಳು ಜಿಬಿ ಕೈಗೆ ಬರುತ್ತದೆ, ಅನ್‌ಮೌಂಟ್ ಕೂಡ ಮಾಡಬೇಕಾಗಿಲ್ಲ.

ಮುದ್ರಣಾಲಯದ ಯಂತ್ರದಲ್ಲಿ ಇದೆಲ್ಲ ಮಾಡಿದರೂ ರೂಟ್‌ನಲ್ಲಿ ಸಿಕ್ಕಿದ್ದು ಒಂದೂವರೆ ಜಿಬಿ. ಸೇವೆಗಳ ದತ್ತಾಂಶ, ಲಾಗ್‌ಗಳು ಇರುವ /ವಾರ್ ಡೈರೆಕ್ಟರಿಯ ಒಳಗೆ ಲೆಕ್ಕದ ತಂತ್ರಾಂಶ ಬಳಸುವ ಮರಿಯಾಡಿಬಿ ದತ್ತಸಂಚಯವೊಂದೇ 14 ಜಿಬಿ ಬೆಳೆದು ಕೂತಿತ್ತು.

ದಾರಿ ತಿರುಗಿಸುವ ಮೂರು ಬಗೆ

ಗಡಿ ಮುಟ್ಟದೆ ದತ್ತಾಂಶವನ್ನು ಹೋಮ್‌ನ ಖಾಲಿ ಜಾಗಕ್ಕೆ ಕಳಿಸಬೇಕು. ಅದಕ್ಕೆ ಮೂರು ಬಗೆಗಳಿವೆ.

ಒಂದನೆಯದು, ತಂತ್ರಾಂಶಕ್ಕೇ ಹೊಸ ವಿಳಾಸ ಹೇಳುವುದು. ತಂತ್ರಾಂಶಗಳನ್ನು ಕಂಟೇನರ್‌ಗಳಲ್ಲಿ ನಡೆಸುವ ಡಾಕರ್‌ನಲ್ಲಿ ಡೇಟಾ ರೂಟ್, ಮರಿಯಾಡಿಬಿಯಲ್ಲಿ ಡೇಟಾಡಿರ್, ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾ ಡೈರೆಕ್ಟರಿ ಎಂಬ ಸೆಟ್ಟಿಂಗ್ ಇದೆ. ಡಾಕರ್ ಮಾತ್ರ ಜಾಗ ತಿನ್ನುತ್ತಿದ್ದರೆ ಮುಂದೆ ಓದಲೇಬೇಡಿ. ಸೆಟ್ಟಿಂಗ್ ಬದಲಿಸಿ, ಹಳೆಯದನ್ನು ನಕಲಿಸಿ, ಸೇವೆ ಮರುಪ್ರಾರಂಭಿಸಿ. ದತ್ತಸಂಚಯಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ತಂತ್ರಾಂಶ ಒಪ್ಪಿದರೂ ಕಾವಲುಗಾರರು, ಅಂದರೆ ಯಾವ ಸೇವೆ ಯಾವ ಫೈಲು ಮುಟ್ಟಬಹುದೆಂದು ನೋಡಿಕೊಳ್ಳುವ ಭದ್ರತಾ ಪದರಗಳು, ಒಪ್ಪಬೇಕು. ಉಬುಂಟುವಿನ ಆಪ್‌ಆರ್ಮರ್, ರೆಡ್ ಹ್ಯಾಟ್ ಕಡೆಯ ಎಸ್‌ಇಲಿನಕ್ಸ್ ಎರಡಕ್ಕೂ ಹೊಸ ಜಾಗದ ಪರಿಚಯ ಮಾಡಿಸದಿದ್ದರೆ ಸೇವೆ ಏಳುವುದಿಲ್ಲ.

ಎರಡನೆಯದು ಸಿಮ್‌ಲಿಂಕ್. ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ, ಆ ದಿನ ನಾನೂ ಹಾಕಿದೆ. ಮರಿಯಾಡಿಬಿ ನಿಲ್ಲಿಸಿ, ಅದರ ಡೈರೆಕ್ಟರಿಯನ್ನು ಹೋಮ್‌ಗೆ ನಕಲಿಸಿ, ಹಳೆಯ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟೆ. ಸೇವೆ ಏಳಲಿಲ್ಲ. ಲಾಗ್‌ನಲ್ಲಿ ದೋಷ ಸಂಖ್ಯೆ 13, ಅಂದರೆ ಅನುಮತಿ ಇಲ್ಲ. ಫೈಲುಗಳ ಒಡೆತನ ನೋಡಿದೆ, ಸರಿ ಇದೆ. ಡೈರೆಕ್ಟರಿಗಳ ಅನುಮತಿ ನೋಡಿದೆ, ಸರಿ ಇದೆ. ಮತ್ತೊಮ್ಮೆ ನೋಡಿದೆ, ಆಗಲೂ ಸರಿ ಇದೆ. ಅಷ್ಟರಲ್ಲಿ ಮಾಲೀಕರು ಎರಡನೇ ಸಲ ಕಾಫಿ ತರಿಸಿದ್ದರು. ಕೊನೆಗೆ ಮರಿಯಾಡಿಬಿಯ ಸಿಸ್ಟಂಡಿ ಯೂನಿಟ್ ಫೈಲ್ ತೆರೆದಾಗ ಪ್ರೊಟೆಕ್ಟ್ ಹೋಮ್ ಎಂಬ ಸಾಲು ಕಣ್ಣಿಗೆ ಬಿತ್ತು. ಆ ಸಾಲಿದ್ದರೆ ಸೇವೆಯ ಪಾಲಿಗೆ /ಹೋಮ್ ಎಂಬುದೇ ಬೀಗ ಹಾಕಿದ ಖಾಲಿ ಕೋಣೆ. ಸಿಮ್‌ಲಿಂಕ್ ಎಂದರೆ "ಅಲ್ಲಿಗೆ ಹೋಗು" ಎಂದು ಬರೆದ ಚೀಟಿ ಮಾತ್ರ. ಸೇವೆ ಚೀಟಿ ಹಿಡಿದು ನಡೆದುಹೋಗಿ ಬೀಗಕ್ಕೆ ತಲೆ ಹೊಡೆದುಕೊಂಡಿತ್ತು. ಆಪ್‌ಆರ್ಮರ್ ಕಥೆಯೂ ಇದೇ, ಅದು ನೋಡುವುದು ಚೀಟಿ ತಲುಪಿಸಿದ ಜಾಗದ ಹೆಸರನ್ನು.

ಮೂರನೆಯದು ಬೈಂಡ್ ಮೌಂಟ್. ಇದರಲ್ಲಿ ಚೀಟಿ ಇಲ್ಲ, ಕೋಣೆಯನ್ನೇ ತಂದು ಹಳೆಯ ಬಾಗಿಲ ಹಿಂದೆ ನಿಲ್ಲಿಸಿದ ಹಾಗೆ. ಹೋಮ್‌ನಲ್ಲಿರುವ ಡೈರೆಕ್ಟರಿಯನ್ನು ಮರಿಯಾಡಿಬಿಯ ಹಳೆಯ ಜಾಗವಾದ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಮೇಲೆ ಮೌಂಟ್ ಮಾಡಿದರೆ, ಸೇವೆ ತೆರೆಯುವ ವಿಳಾಸ ಹಳೆಯದೇ ಆಗಿರುತ್ತದೆ. ಹೋಮ್‌ಗೆ ಹಾಕಿದ ಬೀಗ ಅಡ್ಡ ಬರುವುದಿಲ್ಲ, ಆಪ್‌ಆರ್ಮರ್‌ಗೂ ತಕರಾರಿಲ್ಲ. ಏನನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸಾಕು: ಮೂಲ ಡೈರೆಕ್ಟರಿ, ಗುರಿ ಡೈರೆಕ್ಟರಿ, ಬಗೆಯ ಜಾಗದಲ್ಲಿ ನನ್, ಆಯ್ಕೆಯ ಜಾಗದಲ್ಲಿ ಬೈಂಡ್, ಕೊನೆಗೆ ಎರಡು ಸೊನ್ನೆ. ಹತ್ತು ನಿಮಿಷದಲ್ಲಿ ಮುದ್ರಣಾಲಯ ಮತ್ತೆ ಬಿಲ್ ಕೊಡಲು ಶುರುಮಾಡಿತು.

ಹಾಗಾಗಿ ಇವೆರಡರ ನಡುವೆ ಆಯ್ಕೆ ನನಗೆ ಸ್ಪಷ್ಟ. ನಿಮ್ಮ ಸ್ವಂತ ಫೈಲುಗಳು, ವಿಡಿಯೊ, ಐಎಸ್‌ಒ, ಆಟಗಳ ಸಂಗ್ರಹ ಮುಂತಾದವಕ್ಕೆ ಸಿಮ್‌ಲಿಂಕ್ ಸಾಕು. ವ್ಯವಸ್ಥೆಯ ಸೇವೆಗಳು ಮುಟ್ಟುವ ಯಾವುದಕ್ಕಾದರೂ ಬೈಂಡ್ ಮೌಂಟ್. ಆದರೆ ಬೈಂಡ್ ಮೌಂಟ್ ತೇಪೆಯೇ ಹೊರತು ಹೊಸ ಬಟ್ಟೆಯಲ್ಲ. ದತ್ತಸಂಚಯವೂ ಬಳಕೆದಾರರ ಫೈಲುಗಳೂ ಒಂದೇ ಕಣಜದಿಂದ ತಿನ್ನುತ್ತಿರುತ್ತವೆ. ಯಾರೋ ಮದುವೆ ಆಲ್ಬಮ್‌ನ ಕಚ್ಚಾ ಚಿತ್ರಗಳನ್ನು ಹೋಮ್‌ಗೆ ಸುರಿದು ತುಂಬಿಸಿದರೆ ಬಿಲ್ಲಿಂಗ್ ಮತ್ತೆ ನಿಲ್ಲುತ್ತದೆ. ಬ್ಯಾಕಪ್ ತಂತ್ರಾಂಶ ಒಂದೇ ದತ್ತಾಂಶವನ್ನು ಎರಡು ಕಡೆ ಕಂಡು ಎರಡು ಸಲ ನಕಲಿಸಲೂಬಹುದು.

ಬದು ಸರಿಸಲೇಬೇಕಾದರೆ

ಡಿಸ್ಕಿನ ಮೇಲೆ ಆ ಯಂತ್ರದ ಪಾರ್ಟಿಷನ್‌ಗಳು ಎಡದಿಂದ ಬಲಕ್ಕೆ ಹೀಗಿದ್ದವು: ಇಎಫ್‌ಐ (ಬೂಟ್ ಆಗಲು ಬೇಕಾದ ಪಾಲು), ರೂಟ್, ಸ್ವಾಪ್, ಹೋಮ್. ರೂಟನ್ನು ಹಿಗ್ಗಿಸಬೇಕೆಂದರೆ ಅದರ ಬಲಕ್ಕೇ ಖಾಲಿ ಜಾಗ ಬೇಕು. ಪಾರ್ಟಿಷನ್ ಒಂದೇ ಅಖಂಡ ತುಂಡಾಗಿರಬೇಕೆಂಬುದು ನಿಯಮ. ಅಂದರೆ ಸ್ವಾಪ್ ತೆಗೆಯಬೇಕು, ಹೋಮ್‌ನ ಎಡ ಅಂಚನ್ನು ಬಲಕ್ಕೆ ದೂಡಬೇಕು. ಜಿಪಾರ್ಟೆಡ್ ಪರದೆಯ ಮೇಲೆ ಇದು ಬೆರಳಿನಲ್ಲಿ ಎಳೆದಷ್ಟು ಸಲೀಸು. ಆದರೆ ಫೈಲ್ ವ್ಯವಸ್ಥೆಯ ಲೆಕ್ಕವೆಲ್ಲ ಎಡ ಅಂಚಿನಿಂದಲೇ ಶುರುವಾಗುವುದರಿಂದ, ಎಡ ಅಂಚು ಒಂದು ಅಂಗುಲ ಸರಿದರೂ ಒಳಗಿನದೆಲ್ಲ ಎದ್ದು ಮುಂದಿನ ಜಾಗಕ್ಕೆ ಹೋಗಿ ಕೂರಬೇಕು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಇದು ಗಂಟೆಗಟ್ಟಲೆಯ ಕೆಲಸ. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ. ಅದನ್ನು ಜೋಡಿಸಿಕೊಡುವವರನ್ನು ನಾನು ಕಂಡಿಲ್ಲ.

ಬಲ ಅಂಚಿನ ವಿಷಯ ಹಾಗಲ್ಲ. ಹೋಮ್‌ನ ಬಲ ತುದಿಯಿಂದ 60 ಜಿಬಿ ಕತ್ತರಿಸಿದರೆ, ಆ ಕೊನೆಯ 60 ಜಿಬಿಯೊಳಗೆ ಅಕಸ್ಮಾತ್ ಇರುವ ಬ್ಲಾಕ್‌ಗಳಷ್ಟೇ ಜಾಗ ಬದಲಿಸುತ್ತವೆ. ಸಾಮಾನ್ಯವಾಗಿ ನಿಮಿಷಗಳ ಕೆಲಸ. ಹೀಗೆ ಸಿಕ್ಕ ತುಂಡು ರೂಟ್‌ಗೆ ಅಂಟಿಕೊಂಡಿಲ್ಲ, ಹಾಗಾಗಿ ರೂಟ್ ಹಿಗ್ಗುವುದಿಲ್ಲ. ಹಿಗ್ಗುವ ಅಗತ್ಯವಾದರೂ ಏನಿದೆ? ಅಲ್ಲಿ ಹೊಸ ಪಾರ್ಟಿಷನ್ ಮಾಡಿ /ವಾರ್ ಎಂದು ಮೌಂಟ್ ಮಾಡಿದರೆ, ರೂಟ್‌ನ ಭಾರವೇ ಇಳಿಯಿತು. ಡಿಸ್ಕಿನ ಮೇಲೆ ಅಕ್ಕಪಕ್ಕ ಇರಬೇಕೆಂಬ ಕಟ್ಟುಪಾಡು ಡೈರೆಕ್ಟರಿ ಮರಕ್ಕೆ ಇಲ್ಲ.

ಇದೇನೂ ಹೊಸ ಜಾಣತನವಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-11ರಲ್ಲಿ ಯುನಿಕ್ಸ್‌ನ ಮೊದಲ ಡಿಸ್ಕ್ ತುಂಬಿದಾಗ, ಬಳಕೆದಾರರ ಫೈಲುಗಳಿದ್ದ ಇನ್ನೊಂದು ಡಿಸ್ಕಿಗೆ ವ್ಯವಸ್ಥೆಯ ಪ್ರೋಗ್ರಾಮ್‌ಗಳೂ ಹೋಗಿ ಕೂತವು. ಆ ಡಿಸ್ಕ್ ಮೌಂಟ್ ಆಗಿದ್ದ ಹೆಸರೇ ಇಂದಿನ /ಯುಎಸ್‌ಆರ್. ಜಾಗದ ಅಭಾವಕ್ಕೆ ಹುಟ್ಟಿದ ಆ ವಿಂಗಡಣೆಯನ್ನು ಮುಂದಿನವರು ಶಾಸ್ತ್ರವೆಂದು ಪಾಲಿಸಿಕೊಂಡು ಬಂದರು. 2012ರ ಫೆಡೋರಾ 17ರಲ್ಲಿ /ಬಿನ್ ಮತ್ತು /ಲಿಬ್ ಎರಡನ್ನೂ /ಯುಎಸ್‌ಆರ್ ಒಳಗೇ ಸೇರಿಸಿ ಮುಗಿಸಿದರು. ಇಂದು /ಯುಎಸ್‌ಆರ್‌ಗೆ ಬೇರೆ ಪಾರ್ಟಿಷನ್ ಮಾಡಲು ಹೋಗಬೇಡಿ, ಬೂಟ್ ಆಗುವಾಗಿನ ತಲೆನೋವು ಬಿಟ್ಟರೆ ಏನೂ ಸಿಗುವುದಿಲ್ಲ. /ಇಟಿಸಿಯನ್ನಂತೂ ಬೇರ್ಪಡಿಸುವ ಹಾಗೆಯೇ ಇಲ್ಲ. ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಇರುವುದೇ ಅದರೊಳಗೆ.

ಕತ್ತರಿಸುವ ಮೊದಲು ಫೈಲ್ ವ್ಯವಸ್ಥೆ ಯಾವುದೆಂದು ನೋಡಿಕೊಳ್ಳಿ. ಎಕ್ಸ್ಟ್4 ನಡೆಯುತ್ತಿರುವಾಗಲೇ ಹಿಗ್ಗುತ್ತದೆ, ಆದರೆ ಕುಗ್ಗಿಸಲು ಅನ್‌ಮೌಂಟ್ ಮಾಡಲೇಬೇಕು. ಬಿಟಿಆರ್‌ಎಫ್‌ಎಸ್ ನಡೆಯುತ್ತಿರುವಾಗಲೇ ಹಿಗ್ಗುತ್ತದೆ, ಕುಗ್ಗುತ್ತದೆ. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆಯೇ ವಿನಾ ಕುಗ್ಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಸೆಂಟ್‌ಓಎಸ್ 7 ಬಳಸಿದ ಎಷ್ಟೋ ಜನ ಇಲ್ಲಿ ಸಿಕ್ಕಿಬಿದ್ದಿದ್ದಾರೆ. ಅದರ ಅನುಸ್ಥಾಪಕ ದೊಡ್ಡ ಡಿಸ್ಕ್ ಕಂಡರೆ ರೂಟ್‌ಗೆ 50 ಜಿಬಿ ಕೊಟ್ಟು ಉಳಿದದ್ದನ್ನೆಲ್ಲ ಹೋಮ್‌ಗೆ ಸುರಿಯುತ್ತಿತ್ತು, ಎರಡೂ ಎಕ್ಸ್‌ಎಫ್‌ಎಸ್. ಸರ್ವರ್‌ನಲ್ಲಿ ಹೋಮ್ ಬಳಸುವವರೇ ಇಲ್ಲ, ಎಲ್ಲವೂ /ವಾರ್‌ಗೆ ಬಂದು ಬೀಳುತ್ತದೆ, ಹೋಮ್ ಕುಗ್ಗುವುದಿಲ್ಲ. ಅಂಥಲ್ಲಿ ಉಳಿಯುವ ದಾರಿ ಒಂದೇ: ಹೋಮ್‌ನಲ್ಲಿರುವ ಅಷ್ಟಿಷ್ಟನ್ನು ಬೇರೆಡೆಗೆ ನಕಲಿಸಿ, ಹೋಮನ್ನು ಅಳಿಸಿ, ಚಿಕ್ಕದಾಗಿ ಮತ್ತೆ ಮಾಡಿ, ಉಳಿದ ಜಾಗವನ್ನು ರೂಟ್‌ಗೆ ಸೇರಿಸುವುದು.

ಕೈಯಾರೆ ಕುಗ್ಗಿಸುವವರು ಕ್ರಮ ತಪ್ಪಬಾರದು. ಮೊದಲು ಫೈಲ್ ವ್ಯವಸ್ಥೆ ಕುಗ್ಗಬೇಕು, ಆಮೇಲೆ ಪಾರ್ಟಿಷನ್. ತಿರುವುಮುರುವಾದರೆ ತಲೆ ಬಗ್ಗಿಸುವ ಮೊದಲೇ ಸೂರು ಇಳಿಸಿದ ಹಾಗೆ. ಜಿಪಾರ್ಟೆಡ್ ಈ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ, ಹಾಗಾಗಿ ಮೊದಲ ಸಲ ಮಾಡುವವರಿಗೆ ಅದೇ ಸರಿ. ಎಸ್‌ಎಫ್‌ಡಿಸ್ಕ್ ಆದೇಶದಿಂದ ಈಗಿನ ಪಾರ್ಟಿಷನ್ ಪಟ್ಟಿಯನ್ನು ಪುಟ್ಟ ಪಠ್ಯ ಫೈಲಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡಿ. ಅದು ಗಡಿಕಲ್ಲುಗಳ ನಕ್ಷೆ ಮಾತ್ರ, ಬೆಳೆಯನ್ನು ಉಳಿಸಿಕೊಡುವುದಿಲ್ಲ. ಬ್ಯಾಕಪ್ ಬೇರೆಯೇ ಬೇಕು.

ಎಲ್‌ವಿಎಂ ಇದ್ದರೆ

ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್) ಈ ಅಕ್ಕಪಕ್ಕದ ರಗಳೆಯನ್ನು ಬುಡದಲ್ಲೇ ಪರಿಹರಿಸುತ್ತದೆ. ಡಿಸ್ಕನ್ನು ಸಾಮಾನ್ಯವಾಗಿ 4 ಎಂಬಿಯ ಚೂರುಗಳಾಗಿ ಒಡೆದು ಒಂದೇ ರಾಶಿಗೆ ಹಾಕುತ್ತದೆ, ಯಾವ ವಾಲ್ಯೂಮ್‌ಗೆ (ಪಾರ್ಟಿಷನ್ ಬದಲಿಗೆ ಇರುವ ಪಾಲು) ಬೇಕೋ ಅದಕ್ಕೆ ರಾಶಿಯಿಂದ ತೆಗೆದುಕೊಡುತ್ತದೆ. ಚೂರುಗಳು ಒಟ್ಟಿಗೆ ಇರಬೇಕೆಂದೇನಿಲ್ಲ. ರಾಶಿಯಲ್ಲಿ ಖಾಲಿ ಇದ್ದರೆ ಎಲ್‌ವಿ ಎಕ್ಸ್‌ಟೆಂಡ್‌ಗೆ ಆರ್ ಆಯ್ಕೆ ಸೇರಿಸಿ ಒಂದು ಸಾಲು ಹೊಡೆದರೆ ವಾಲ್ಯೂಮ್, ಅದರೊಳಗಿನ ಫೈಲ್ ವ್ಯವಸ್ಥೆ ಎರಡೂ ನಡೆಯುತ್ತಿರುವಂತೆಯೇ ಹಿಗ್ಗುತ್ತವೆ.

ಉಬುಂಟು ಸರ್ವರ್ ಬಳಸುವವರು ಇದನ್ನು ಮೊದಲು ನೋಡಬೇಕು. ಎಲ್‌ವಿಎಂ ಆಯ್ಕೆಯೊಂದಿಗೆ ಅನುಸ್ಥಾಪಿಸಿದಾಗ ಅದು ಇಡೀ ರಾಶಿಯನ್ನು ರೂಟ್‌ಗೆ ಕೊಡುವುದಿಲ್ಲ. ರಾಶಿ 20ರಿಂದ 200 ಜಿಬಿ ಇದ್ದರೆ ಅರ್ಧ, ಅದಕ್ಕಿಂತ ದೊಡ್ಡದಿದ್ದರೆ 100 ಜಿಬಿ ಮಾತ್ರ ಕೊಡುತ್ತದೆ. "ಒಂದು ಟಿಬಿ ಡಿಸ್ಕ್, ನೂರು ಜಿಬಿಗೇ ತುಂಬಿದೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ರಾಶಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ವಿಜಿಎಸ್ ಆದೇಶದ ಉತ್ತರವನ್ನು. ಬಹುತೇಕ ಅಲ್ಲಿಗೇ ಮಾತು ಮುಗಿಯುತ್ತದೆ.

ಈಗಾಗಲೇ ಇರುವ ಸಾದಾ ಪಾರ್ಟಿಷನ್‌ಗಳನ್ನು ಅಲ್ಲಲ್ಲೇ ಎಲ್‌ವಿಎಂ ಮಾಡಲು ಹೊರಡಬೇಡಿ, ಹೇಗೂ ಎಲ್ಲವನ್ನೂ ನಕಲಿಸಬೇಕಾಗುತ್ತದೆ. ಹೊಸ ಯಂತ್ರವಾದರೆ ಹಾಕಿಕೊಳ್ಳಿ, ಮತ್ತು ರಾಶಿಯ ಕಾಲು ಭಾಗವನ್ನಾದರೂ ಯಾರಿಗೂ ಕೊಡದೆ ಇಟ್ಟುಕೊಳ್ಳಿ. ಇನ್ನೊಂದು ಡಿಸ್ಕನ್ನು ರಾಶಿಗೆ ಸೇರಿಸಿ ಒಂದೇ ವಾಲ್ಯೂಮನ್ನು ಎರಡರ ಮೇಲೂ ಹರಡುವ ಆಸೆ ಬರುತ್ತದೆ. ಆಗ ಎರಡರಲ್ಲಿ ಒಂದು ಕೆಟ್ಟರೂ ವಾಲ್ಯೂಮ್ ಹೋಯಿತು ಎಂಬುದು ನೆನಪಿರಲಿ.

ಬದುವೇ ಇಲ್ಲದ ಹೊಲ

ಬಿಟಿಆರ್‌ಎಫ್‌ಎಸ್‌ನ ಸಬ್‌ವಾಲ್ಯೂಮ್‌ಗಳು, ಜಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಡೇಟಾಸೆಟ್‌ಗಳು ಬೇರೆ ಬೇರೆ ಮೌಂಟ್ ಆದರೂ ಒಂದೇ ಜಾಗವನ್ನು ಹಂಚಿಕೊಂಡು ಉಣ್ಣುತ್ತವೆ. ರೂಟ್ ತುಂಬಿ ಹೋಮ್ ಖಾಲಿ ಇರುವ ಪ್ರಶ್ನೆಯೇ ಬರುವುದಿಲ್ಲ. ಫೆಡೋರಾ ಡೆಸ್ಕ್‌ಟಾಪ್ 2020ರ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಅನ್ನೇ ಮೂಲ ಆಯ್ಕೆ ಮಾಡಿಕೊಂಡಿತು. ಲ್ಯಾಪ್‌ಟಾಪ್‌ಗೆ ನನಗೂ ಅದೇ ಇಷ್ಟ. ದತ್ತಸಂಚಯ ಇಡುವುದಾದರೆ ಆ ಡೈರೆಕ್ಟರಿ ಖಾಲಿ ಇರುವಾಗಲೇ ಕಾಪಿ ಆನ್ ರೈಟ್ (ಬದಲಾದದ್ದನ್ನು ಪ್ರತಿ ಸಲ ಹೊಸ ಜಾಗದಲ್ಲಿ ಬರೆಯುವ ರೂಢಿ) ಅನ್ನು ನಿಲ್ಲಿಸಿ, ಆಮೇಲೆ ಫೈಲುಗಳನ್ನು ತನ್ನಿ. ಯುನಿಕ್ಸ್ ಬಳಗದ ಇನ್ನೊಂದು ವ್ಯವಸ್ಥೆ ಫ್ರೀಬಿಎಸ್‌ಡಿ ಬಳಸುವವರಿಗೆ ಜಡ್‌ಎಫ್‌ಎಸ್ ಬಿಟ್ಟು ಬೇರೆ ಯೋಚನೆ ಬೇಡ: ಮೌಂಟ್ ಪಾಯಿಂಟ್ ಎಂಬುದು ಡೇಟಾಸೆಟ್‌ನದೇ ಒಂದು ಗುಣ, ಬದಲಿಸಲು ಎಫ್‌ಎಸ್‌ಟ್ಯಾಬ್ ಮುಟ್ಟಬೇಕಿಲ್ಲ, ಕೋಟಾ ಹಾಕಿ ಒಬ್ಬರು ಇನ್ನೊಬ್ಬರ ಪಾಲು ತಿನ್ನದಂತೆ ತಡೆಯಬಹುದು. ಅಲ್ಲಿನ ಹಳೆಯ ಯುಎಫ್‌ಎಸ್ ಮಾತ್ರ ಎಕ್ಸ್‌ಎಫ್‌ಎಸ್‌ನಂತೆಯೇ, ಹಿಗ್ಗುತ್ತದೆ, ಕುಗ್ಗುವುದಿಲ್ಲ.

ಹೊಸ ಡಿಸ್ಕ್ ತರುವ ಶಕ್ತಿ ಇದ್ದರೆ ಈ ಹೋಲಿಕೆಯ ಅರ್ಧ ಅನಗತ್ಯ. ಹೊಸದರಲ್ಲಿ ಬೇಕಾದಂತೆ ವಿಂಗಡಿಸಿ, ನಕಲಿಸಿ, ಹಳೆಯದನ್ನು ಮುಟ್ಟದೆ ಒಂದು ತಿಂಗಳು ಕಪಾಟಿನಲ್ಲಿಡಿ. ಹಳೆಯ ಡಿಸ್ಕೇ ಬ್ಯಾಕಪ್ ಆಗುವ ಈ ದಾರಿಗಿಂತ ನಿಶ್ಚಿಂತೆಯದು ಇನ್ನೊಂದಿಲ್ಲ. ಮಾಲೀಕರು ಒಪ್ಪಲಿಲ್ಲ.

ಭಾನುವಾರದ ಕೆಲಸ

ಅಂಗಡಿ ಮುಚ್ಚಿದ್ದ ದಿನ ಯುಪಿಎಸ್ ಬ್ಯಾಟರಿ ಸರಿ ಇದೆಯೇ ನೋಡಿ, ಹೊರಗಿನ ಡಿಸ್ಕಿಗೆ ಬ್ಯಾಕಪ್ ತೆಗೆದುಕೊಂಡು, ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿದೆ. ಹೋಮ್‌ನ ಬಲ ತುದಿಯಿಂದ 60 ಜಿಬಿ ಕತ್ತರಿಸಿ ಅಲ್ಲಿ ಎಕ್ಸ್ಟ್4 ಪಾರ್ಟಿಷನ್ ಮಾಡಿದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿರುವುದರಿಂದ /ವಾರ್‌ಗೆ ಬರೆಯುವವರು ಯಾರೂ ಇಲ್ಲ, ನಿಶ್ಚಿಂತೆಯಾಗಿ ನಕಲಿಸಬಹುದು.

ನಕಲಿಗೆ ಆರ್‌ಸಿಂಕ್ ಆದೇಶ. ಆರ್ಕೈವ್ ಆಯ್ಕೆಯ ಜೊತೆಗೆ ಹಾರ್ಡ್‌ಲಿಂಕ್, ಎಸಿಎಲ್ (ಹೆಚ್ಚುವರಿ ಅನುಮತಿಗಳ ಪಟ್ಟಿ), ವಿಸ್ತೃತ ಗುಣಗಳನ್ನು ಉಳಿಸುವ ದೊಡ್ಡಕ್ಷರದ ಮೂರೂ ಆಯ್ಕೆಗಳು ಬೇಕು. ಪೆನ್‌ಡ್ರೈವ್ ವ್ಯವಸ್ಥೆಯ ಬಳಕೆದಾರರ ಪಟ್ಟಿಯೇ ಬೇರೆ ಇರುವುದರಿಂದ ಒಡೆತನವನ್ನು ಅಂಕಿಯಲ್ಲೇ ಉಳಿಸು ಎಂಬ ಆಯ್ಕೆಯೂ ಬೇಕು. ಮೂಲ ಡೈರೆಕ್ಟರಿಯ ಕೊನೆಗೆ ಓರೆಗೆರೆ ಹಾಕಲು ಮರೆತರೆ /ವಾರ್ ಒಳಗೆ ಇನ್ನೊಂದು ವಾರ್ ಹುಟ್ಟುತ್ತದೆ. ಮರಿಯಾಡಿಬಿಯ ಫೈಲುಗಳು ಈಗ ಹೋಮ್‌ನಲ್ಲಿ ಇದ್ದವಲ್ಲ, ಅವನ್ನು ಅಲ್ಲಿಂದಲೇ ಹೊಸ ಪಾರ್ಟಿಷನ್‌ಗೆ ತಂದೆ.

ಎಫ್‌ಎಸ್‌ಟ್ಯಾಬ್‌ನಿಂದ ಬೈಂಡ್ ಸಾಲನ್ನು ತೆಗೆದು, ಹೊಸ ಪಾರ್ಟಿಷನ್‌ನ ಯುಯುಐಡಿಯನ್ನು (ಅದಕ್ಕೇ ಮೀಸಲಾದ ಗುರುತು) ಬ್ಲಾಕ್‌ಐಡಿ ಆದೇಶದಿಂದ ಪಡೆದು /ವಾರ್‌ಗೆ ಒಂದು ಸಾಲು ಬರೆದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಅಲ್ಲಿ ಬರೆಯಬೇಡಿ, ಇನ್ನೊಂದು ಡಿಸ್ಕ್ ಚುಚ್ಚಿದ ದಿನ ಅದಲುಬದಲಾಗುತ್ತವೆ. ಭದ್ರತೆಯ ಹುರುಪಿನಲ್ಲಿ /ವಾರ್‌ಗೆ ನೋಎಕ್ಸೆಕ್ (ಇಲ್ಲಿಂದ ಯಾವ ಪ್ರೋಗ್ರಾಮನ್ನೂ ಓಡಿಸಬೇಡ) ಹಾಕುವವರಿದ್ದಾರೆ. ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳ ಸ್ಕ್ರಿಪ್ಟ್‌ಗಳು ಅಲ್ಲಿಂದಲೇ ಓಡುವುದರಿಂದ ಅನುಸ್ಥಾಪನೆಯೇ ಮುರಿದುಬೀಳುತ್ತದೆ. ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಸು ಎನ್ನುವ ನೋಫೇಲ್ ಆಯ್ಕೆಯನ್ನು ಬ್ಯಾಕಪ್ ಡಿಸ್ಕಿಗೆ ಹಾಕಿ, ದತ್ತಸಂಚಯ ಇರುವ ಪಾರ್ಟಿಷನ್‌ಗೆ ಬೇಡ. ಮೌಂಟ್ ಆಗದಿದ್ದರೆ ಯಂತ್ರ ತುರ್ತು ಸ್ಥಿತಿಗೆ ಬಂದು ನಿಲ್ಲಲಿ. ಖಾಲಿ ಡೈರೆಕ್ಟರಿಯ ಮೇಲೆ ಮರಿಯಾಡಿಬಿ ಏಳುವುದಕ್ಕಿಂತ ಅದು ವಾಸಿ. ಬರೆದ ಸಾಲುಗಳು ಸರಿ ಇವೆಯೇ ಎಂದು ಫೈಂಡ್‌ಎಂಎನ್‌ಟಿಯ ವೆರಿಫೈ ಆಯ್ಕೆ ಹೇಳುತ್ತದೆ, ರೀಬೂಟ್ ಮಾಡುವ ಮೊದಲು ಕೇಳಿಬಿಡಿ.

ಹಳೆಯ /ವಾರ್ ಡೈರೆಕ್ಟರಿಯನ್ನು ಅಳಿಸಲಿಲ್ಲ, ವಾರ್-ಹಳೆಯದು ಎಂದು ಹೆಸರು ಬದಲಿಸಿ, ಅದರ ಜಾಗದಲ್ಲಿ ಖಾಲಿ ಡೈರೆಕ್ಟರಿ ಇಟ್ಟೆ. ಹೆಸರು ಬದಲಿಸದಿದ್ದರೆ ಹೊಸ ಪಾರ್ಟಿಷನ್ ಅದರ ಮೇಲೆ ಮೌಂಟ್ ಆಗಿ ಕಣ್ಣಿಗೆ ಕಾಣದಾಗುತ್ತಿತ್ತು, ರೂಟ್ ತುಂಬಿಯೇ ಇರುತ್ತಿತ್ತು. ಎಂಟು ದಿನ ಬಿಲ್‌ಗಳು ಸರಾಗವಾಗಿ ಬಂದವು. ಒಂಬತ್ತನೇ ದಿನ ಮನೆಯಿಂದಲೇ ಲಾಗಿನ್ ಆಗಿ ವಾರ್-ಹಳೆಯದನ್ನು ಅಳಿಸಿ ಡಿಎಫ್ ಕೊಟ್ಟೆ. ರೂಟ್ ಶೇ 34.